ದೆವ್ವ ಬರೆಯುವವನಿಗೆ ಹೆಣ್ಣು ಯಾರು ಕೊಡ್ತಾರೆ?

ದೆವ್ವದ ವಿಷಯ ಬರೆಯುವವನ ಹತ್ತಿರ ದೆವ್ವಗಳು ಬರುವುದಿಲ್ಲ, ಜನ ಬರುತ್ತಾರೆ. ದೆವ್ವವಾದರೆ ಒಂದು ನಿಂಬೆಹಣ್ಣಿನಲ್ಲಿ ಮುಗಿಯುತ್ತದೆ. ಜನರನ್ನು ಕೂರಿಸಬೇಕು, ಕಾಫಿ ಕೊಡಬೇಕು, ಅವರು ಹೇಳಿದ್ದಕ್ಕೆಲ್ಲ ಹೂಂಗುಟ್ಟಬೇಕು, ಕೊನೆಗೆ ಬಸ್ಸು ತಪ್ಪಿತೆಂದರೆ ಊಟಕ್ಕೂ ಎಲೆ ಹಾಕಬೇಕು. ಇಡೀ ಒಂದು ವರ್ಷ ಆ ಕೆಲಸ ಮಾಡಿದವನು ನಾನು. ಆ ವರ್ಷ ನನ್ನ ತಾಯಿ ಹೊತ್ತಷ್ಟು ಹರಕೆಗಳನ್ನು ಅದಕ್ಕೆ ಮುಂಚೆಯೂ ಹೊತ್ತಿರಲಿಲ್ಲ, ಆಮೇಲೂ ಹೊರಲಿಲ್ಲ.

ಮಹಾರಾಜರ ಕಾಲ. ಜರ್ಮನಿಯ ಯುದ್ಧ ನಡೆಯುತ್ತಿತ್ತು. ನಾನು ಮಧುಗಿರಿ ಪೇಟೆಯಲ್ಲಿ ಸೋದರಮಾವನ ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿದ್ದೆ. ನಮ್ಮ ಊರಿನಿಂದಲೇ ಗುರುವಾರಕ್ಕೊಂದು ವಾರಪತ್ರಿಕೆ ಹೊರಡುತ್ತಿತ್ತು. ಅದರ ಸಂಪಾದಕರು ದೊಡ್ಡ ಮೀಸೆಯ ಪುಕ್ಕಲು ಮನುಷ್ಯ. ಯುದ್ಧದ ವಿಷಯ ಬರೆದರೆ ಪೊಲೀಸರಿಗೆ ಸಿಟ್ಟು, ಕಂದಾಯದ ವಿಷಯ ಬರೆದರೆ ಅಮಲ್ದಾರರಿಗೆ ಸಿಟ್ಟು. ಹಾಗಾಗಿ ಒಂದು ದಿನ ಪಂಚೆ ಕೊಳ್ಳಲು ಬಂದವರು, ನಿನ್ನ ಅಕ್ಷರ ಚೆನ್ನಾಗಿದೆ, ದೆವ್ವಗಳ ಮೇಲೆ ವಾರವಾರವೂ ಬರಿ, ಅವು ಮೊಕದ್ದಮೆ ಹಾಕುವುದಿಲ್ಲ ಎಂದರು. ಅಂಕಣಕ್ಕೆ 'ಕಂಡವರು ಹೇಳಿದ್ದು' ಎಂದು ಹೆಸರಿಟ್ಟೆವು. ನನಗೆ ದೆವ್ವದಲ್ಲಿ ನಂಬಿಕೆ ಇತ್ತೇ ಎಂದು ಕೇಳಿದರೆ, ಹಗಲು ಇರಲಿಲ್ಲ. ಕತ್ತಲಾದ ಮೇಲೆ ನಾನು ಹೊರಗೆ ಹೋಗುತ್ತಿರಲಿಲ್ಲ, ಆದ್ದರಿಂದ ಆ ಪ್ರಶ್ನೆ ಏಳಲಿಲ್ಲ.

ತೊಂದರೆಯಾದದ್ದು ನನ್ನ ಮದುವೆಗೆ. ನನ್ನ ಓರಗೆಯವರ ಮಕ್ಕಳು ಆಗಲೇ ಸ್ಲೇಟು ಹಿಡಿದು ಸ್ಕೂಲಿಗೆ ಹೋಗುತ್ತಿದ್ದರು. ನನ್ನ ಜಾತಕ ಮಾತ್ರ ಹೋದ ಬಸ್ಸಿನಲ್ಲೇ ವಾಪಸು ಬರುತ್ತಿತ್ತು. ಹುಡುಗ ಒಳ್ಳೆಯವನೇ, ಆದರೆ ಅವನ ಜತೆ ಮನೆಗೆ ಇನ್ನು ಯಾರ್ಯಾರು ಬರುತ್ತಾರೋ ಎಂದು ಒಬ್ಬರು ಹೇಳಿ ಕಳಿಸಿದ್ದರು. ದೆವ್ವ ಬಿಡು, ಇಲ್ಲ ಮದುವೆ ಬಿಡು ಎಂದು ಅಮ್ಮ ಪಟ್ಟು ಹಿಡಿದಳು. ನನಗೋ ಎರಡೂ ಬೇಕಾಗಿತ್ತು.

ನಮ್ಮೂರಿಗೇನು ಕಮ್ಮಿ

ಮೊದಲ ಸಲ ಬರೆದದ್ದು ಮಿಡಿಗೇಶಿ ಬೆಟ್ಟದ ಕೋಟೆಯ ಮೇಲೆ. ಹಿಂದಿನ ಕಾಲದ ಸಿಪಾಯಿಯೊಬ್ಬ ಸತ್ತ ಮೇಲೂ ಕೋಟೆ ಗೋಡೆಯ ಮೇಲೆ ಓಡಾಡುತ್ತಾನೆ, ಎದುರಾದವರನ್ನು ಹೊಗೆಸೊಪ್ಪು ಕೇಳುತ್ತಾನೆ, ಕೊಟ್ಟರೆ ಸುಮ್ಮನೆ ಹೋಗುತ್ತಾನೆ ಎಂದು ಬರೆದಿದ್ದೆ. ಜನ ಹೆದರುತ್ತಾರೆ ಅಂದುಕೊಂಡಿದ್ದೆ. ಮಿಡಿಗೇಶಿಯವರು ಹೆದರಲಿಲ್ಲ, ಎದೆ ಉಬ್ಬಿಸಿಕೊಂಡು ತಿರುಗಾಡಿದರು.

ಅದನ್ನು ಸಹಿಸದೆ ಹುಲಿಕುಂಟೆ ಕಡೆಯ ಗೌಡರೊಬ್ಬರು ಊರಿನ ನಾಲ್ಕು ಜನರನ್ನು ಕಟ್ಟಿಕೊಂಡು ನಮ್ಮ ಅಂಗಡಿಗೆ ಬಂದರು. ಮದುವೆ ಜವಳಿಗೆ ಬಂದಿರಬೇಕೆಂದು ಮಾವ ಸಂತೋಷದಿಂದ ಜಮಖಾನ ಹಾಸಿದ. ಗೌಡರು ಕೂತು, ಎಲೆ ಅಡಿಕೆ ಹಾಕಿಕೊಂಡು, ನನ್ನ ಕಡೆ ತಿರುಗಿದರು.

"ಮಿಡಿಗೇಶಿಯೋರ್ದು ಒಂದೇ ಒಂದು. ಅದೂ ಮುದುಕ, ಹೊಗೆಸೊಪ್ಪಿಗೆ ತಿರ್ಕಂಡು ತಿನ್ನೋದು. ನಮ್ಮೂರಾಗೆ ಗಂಡ ಹೆಂಡ್ತಿ ಇಬ್ರವ್ರೆ ಕಣಪ್ಪ. ಬರ್ಕೋ."

ಬರೆಯಲು ಅಡ್ಡಿಯಿಲ್ಲ, ಆದರೆ ಕಂಡವರು ಯಾರಾದರೂ ಬೇಕು, ಅಂಕಣದ ಹೆಸರೇ ಹಾಗಿದೆ ಎಂದೆ. ಗೌಡರಿಗೆ ಇದು ಗೊತ್ತಿರಲಿಲ್ಲ. ಐದೂ ಜನ ಎದ್ದು ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತು ಮಾತಾಡಿದರು. ಒಳಗೆ ಬರುವಾಗ ತಮ್ಮಲ್ಲೇ ಒಬ್ಬನಾದ ಕಂಬಳಿ ಹೊದ್ದ ಕುರಿಗಾಹಿಯನ್ನು ಮುಂದೆ ಬಿಟ್ಟುಕೊಂಡು ಬಂದರು. ಪಂಚಾಯಿತಿಯಲ್ಲಿ ಅವನೇ ಕಂಡವನೆಂದು ತೀರ್ಮಾನವಾಗಿತ್ತು. ಪಾಪ, ಸಾಧು ಮನುಷ್ಯ. ನಾನು ಪೆನ್ಸಿಲ್ ಹಿಡಿದು, ಏನು ಕಂಡೆಯಪ್ಪಾ ಎಂದು ಕೇಳಿದೆ.

ಅವನು ಕೈ ಮುಗಿದು ಹೇಳಿದ: "ಕಂಡಿದ್ದು ನಿಜ ಸಾಮಿ. ಏನ್ ಕಂಡೆ ಅನ್ನಾದ್ನ ಗೌಡ್ರು ಯೋಳ್ತಾರೆ."

ಶಿರಾದ ಕುದುರೆ

ಶಿರಾದಲ್ಲಿ ಒಬ್ಬ ಜಟಕಾ ಸಾಹೇಬರಿದ್ದರು. ಅವರ ಕುದುರೆ ಊರಾಚೆಯ ಒಂದು ಹುಣಸೆ ಮರದ ಕೆಳಗೆ ಬಂದರೆ ಗಕ್ಕನೆ ನಿಲ್ಲುತ್ತಿತ್ತು. ಬಾರುಕೋಲು ಬೀಸಿದರೂ ಇಲ್ಲ, ಮುದ್ದು ಮಾಡಿದರೂ ಇಲ್ಲ. ಒಂದು ಸಲ ಎಲೆ ಅಡಿಕೆ ಜಗಿಯುವಷ್ಟು ಹೊತ್ತು ಕಿವಿ ನಿಗುರಿಸಿಕೊಂಡು ನಿಂತು, ಆಮೇಲೆ ತಾನಾಗಿ ಹೊರಡುತ್ತಿತ್ತು. "ಮರದಾಗೆ ಜಿನ್ ಐತೆ ಸಾಬ್, ನಮ್ಗೆ ಕಾಣಲ್ಲ, ಇದ್ಕೆ ಕಾಣ್ತದೆ" ಎಂದು ಸಾಹೇಬರು ಪಿಸುಗುಟ್ಟಿದರು. ನಾನೂ ಆ ಗಾಡಿಯಲ್ಲಿ ಕೂತು ಹೋದೆ. ಕುದುರೆ ನಿಂತಿತು. ಸುಳ್ಳೇಕೆ ಹೇಳಲಿ, ಮಟಮಟ ಮಧ್ಯಾಹ್ನದಲ್ಲೂ ನನ್ನ ಮೈ ಜುಮ್ಮೆಂದಿತು.

ಅಂಕಣ ಬಂದದ್ದೇ ತಡ, ಶಿರಾದಲ್ಲಿ ಇಳಿದವರೆಲ್ಲ ಅದೇ ಜಟಕಾ ಬೇಕೆಂದು ಕಾದು ನಿಲ್ಲತೊಡಗಿದರು. ಕೆಲಸವಿಲ್ಲದ ವಕೀಲರು ಬಂದರು. ಮೇಷ್ಟ್ರುಗಳು ಬಂದರು. ಹೊಸದಾಗಿ ಮದುವೆಯಾದ ದಂಪತಿ ಕೂಡ ಬಂದರು. ಬೇರೆ ಕುದುರೆಗಳು ಸ್ಟ್ಯಾಂಡಿನಲ್ಲಿ ಹುಲ್ಲು ತಿಂದುಕೊಂಡು ನಿಂತವು. ಮರ ದಾಟಿದ ಮೇಲೆ ಏನೂ ಆಗಲಿಲ್ಲವೆಂಬ ಸಮಾಧಾನಕ್ಕೆ ಜನ ಮುಂದೆ ಒಂದು ಕಲ್ಲಿನ ಮೇಲೆ ಒಂದಿಷ್ಟು ಬೆಲ್ಲ ಇಟ್ಟು ಕೈ ಮುಗಿಯುವುದು ರೂಢಿಯಾಯಿತು.

ಇಷ್ಟರಲ್ಲಿ ಆ ಕುದುರೆಯ ಹಳೆಯ ಯಜಮಾನ ನಮ್ಮ ಅಂಗಡಿಗೆ ಬಂದಿದ್ದ. ಅಂಕಣ ಓದಿಸಿಕೊಂಡು ಹೊಟ್ಟೆ ಹಿಡಿದು ನಕ್ಕ. ಆ ಮರದ ಕೆಳಗೆ ಹಿಂದೆ ಒಬ್ಬ ಮುದುಕಿ ಎಲೆ ಅಡಿಕೆ ಮಾರುತ್ತಿದ್ದಳಂತೆ. ಇವನು ಹೋಗುವಾಗೊಮ್ಮೆ ಬರುವಾಗೊಮ್ಮೆ ಗಾಡಿ ನಿಲ್ಲಿಸಿ ಹಾಕಿಕೊಳ್ಳುತ್ತಿದ್ದನಂತೆ. ಮುದುಕಿ ಹೋದಳು, ಯಜಮಾನನೂ ಬದಲಾದ, ಕುದುರೆ ಮಾತ್ರ ಪದ್ಧತಿ ಬಿಟ್ಟಿರಲಿಲ್ಲ.

ನಾನು ಈ ಸತ್ಯವನ್ನು ಸಾಹೇಬರಿಗೆ ಹೇಗೆ ತಿಳಿಸುವುದೋ ಎಂದು ಒದ್ದಾಡುತ್ತಿರುವಾಗ ಅವರೇ ಮುಖ ಸಪ್ಪೆ ಮಾಡಿಕೊಂಡು ಬಂದರು. ಕುದುರೆ ಈಗ ಹುಣಸೆ ಮರದ ಹತ್ತಿರ ನಿಲ್ಲುವುದೇ ಇಲ್ಲವಂತೆ. ದೌಡಾಯಿಸಿಕೊಂಡು ಹೋಗಿ ಬೆಲ್ಲದ ಕಲ್ಲಿನ ಮುಂದೆ ನಿಲ್ಲುತ್ತದಂತೆ, ಪ್ಯಾಸೆಂಜರುಗಳು ಇದೇನು ಮೋಸ ಎನ್ನುತ್ತಿದ್ದಾರಂತೆ. ಹಳೆಯ ಯಜಮಾನನ ಮಾತನ್ನು ನಾನು ಹೇಳಿದೆ. ಸಾಹೇಬರು ತಲೆ ಆಡಿಸುತ್ತ ಎಲ್ಲವನ್ನೂ ಕೇಳಿದರು. ಆಮೇಲೆ ನನ್ನ ಕೈ ಹಿಡಿದುಕೊಂಡರು.

"ಅದೆಲ್ಲ ಇರ್ಲಿ ಸಾಬ್. ಜಿನ್ ಮನೆ ಖಾಲಿ ಮಾಡಿ ಕಲ್ಲಿನತ್ರ ಬಂದೈತೆ ಅಂತ ಈ ವಾರ ಬರ್ದ್ಬುಡಿ."

ತೋವಿನಕೆರೆಯ ಉಪ್ಪಿಟ್ಟು

ಅಷ್ಟು ಹೊತ್ತಿಗೆ ಕೊರಟಗೆರೆ ತಾಲ್ಲೂಕಿನ ತೋವಿನಕೆರೆಯಲ್ಲಿ ಒಂದು ಹೆಣ್ಣಿದೆಯೆಂದು ಸುದ್ದಿ ಬಂತು. ಬೇಸಾಯದ ಮನೆ, ಅನುಕೂಲಸ್ಥರು. ಅಮ್ಮ, ಮಾವ, ನಾನು ಬಸ್ಸು ಹತ್ತಿದೆವು. ಪೆಟ್ರೋಲು ಸಿಗದ ಕಾಲ, ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸು. ಸ್ವಲ್ಪ ಏರು ಬಂದರೂ ಗಂಡಸರೆಲ್ಲ ಇಳಿದು ನೂಕಬೇಕು. ಕೊರಟಗೆರೆ ದಾಟುವುದರೊಳಗೆ ನನ್ನ ರೇಷ್ಮೆ ಅಂಚಿನ ಪಂಚೆ, ಮುಖ, ಕೈ ಎಲ್ಲಾ ಮಸಿ. ಕಣ್ಣು ಹಲ್ಲು ಮಾತ್ರ ಬೆಳ್ಳಗಿದ್ದವು. ಹೆಣ್ಣಿನ ಅಜ್ಜಿ ಬಾಗಿಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಇದು ಗಂಡೋ, ಇಲ್ಲ ಇವ್ನು ಬರೆಯಾದೋ?" ಎಂದು ಕೇಳಿದರು.

ಮುಖ ತೊಳೆದು ಪಡಸಾಲೆಯಲ್ಲಿ ಕೂತೆ. ಅಂಗಳದಲ್ಲಿ ಸಂಡಿಗೆ ಒಣಗಲು ಹಾಕಿದ್ದರು. ಕಾಗೆ ಇಳಿಯದಿರಲೆಂದು ಪಕ್ಕದಲ್ಲೇ ಒಂದು ದೊಡ್ಡ ಕರಿ ಕೊಡೆ ಬಿಚ್ಚಿಟ್ಟಿದ್ದರು. ನಮ್ಮ ಸೀಮೆಯ ಕಾಗೆಗಳಿಗೆ ಕರಿ ಕೊಡೆ ಕಂಡರೆ ಯಮನನ್ನು ಕಂಡಂತೆ. ಹುಡುಗಿ ಉಪ್ಪಿಟ್ಟು ತಂದುಕೊಟ್ಟಳು. ಅವಳ ತಾತನಿಗೆ ಕಣ್ಣು ಮಂಜು. ಪ್ರತಿ ಗುರುವಾರ ನನ್ನ ಅಂಕಣವನ್ನು ಅವಳೇ ಗಟ್ಟಿಯಾಗಿ ಓದಿ ಹೇಳುತ್ತಿದ್ದಳಂತೆ. ತಟ್ಟೆ ಇಡುವಾಗ ಮೆಲ್ಲಗೆ ಕೇಳಿದಳು:

"ಆ ಕುದುರೆ ಕಥೆ ನಿಜಾನಾ?"

"ಅರ್ಧ ನಿಜ" ಎಂದೆ.

"ಯಾವರ್ಧ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು. ಆ ಕ್ಷಣದಲ್ಲೇ ನನಗೆ ಇವಳು ಬೇಕು ಅನ್ನಿಸಿಬಿಟ್ಟಿತು. ಬೇರೆ ಯಾವ ಹೆಣ್ಣೂ ಬೇಡವೆನ್ನಿಸಿತು.

ಆದರೆ ಅವಳ ಅಪ್ಪ ಭಯಸ್ಥ. ದೆವ್ವ ನಿಜವಾಗಿಯೂ ಇದೆಯೇ ಎಂದು ನನ್ನನ್ನು ಕೇಳಿದರು. ಇದೆ ಎಂದರೆ ಹೆದರುತ್ತಾರೆ, ಇಲ್ಲವೆಂದರೆ ಸುಳ್ಳು ಬರೆಯುವವನೆನ್ನುತ್ತಾರೆ. ಬರೆಯುವ ತನಕ ಇರುತ್ತದೆ ಎಂದೆ. ಅವರಿಗೆ ಅದೂ ಹಿಡಿಸಲಿಲ್ಲ. ಮೊದಲು ಬರೆಯುವುದು ಬಿಡಲಿ, ಆಮೇಲೆ ಹೆಣ್ಣಿನ ಮಾತು ಎಂದು ಖಂಡಿತವಾಗಿ ಹೇಳಿಬಿಟ್ಟರು. ಅಮ್ಮ ಅಲ್ಲೇ ನನ್ನ ಮೊಣಕೈ ಚಿವುಟಿ ಒಪ್ಪಿಕೋ ಎಂದಳು.

ಒಪ್ಪಿಕೊಳ್ಳುವವನೇ ಇದ್ದೆ. ಅಷ್ಟರಲ್ಲಿ ತಾತ ಕೋಲೂರಿಕೊಂಡು ಎದ್ದು, ನನ್ನನ್ನು ಬಸ್ಸಿನವರೆಗೂ ಕರೆದುಕೊಂಡು ಬಂದರು. ಮೊಮ್ಮಗಳನ್ನು ಕೊಡಿಸುವ ಮಾತೇನಾದರೂ ಆಡುತ್ತಾರೆಂದು ನಾನು ಆಸೆಯಿಂದ ಅವರ ಮುಖ ನೋಡಿದೆ.

"ನನ್ ಮಗ ಎದ್ರುಪುಕ್ಲ, ಅವ್ನ್ ಮಾತ್ ಕೇಳ್ಬ್ಯಾಡ" ಎಂದರು. "ಹೆಣ್ಣು ಇವತ್ತಲ್ಲ ನಾಳಿಕ್ ಸಿಕ್ತದೆ. ಗುರ್ವಾರ ನೀನ್ ಬರೀಲಿಲ್ಲ ಅಂದ್ರೆ ನಾನೇನಪ್ಪಾ ಮಾಡ್ಲಿ?"

ಗಡಿ ದಾಟಿದ ದೆವ್ವ

ಬಿಡಲಾರದೆ, ಬರೆಯಲಾರದೆ ಇದ್ದ ದಿನಗಳಲ್ಲೇ ಪಾವಗಡದ ಕಡೆಯ ಒಂದು ಹಳ್ಳಿಗೆ ಹೋಗಬೇಕಾಯಿತು. ಒಂದು ಮನೆಯ ಸೊಸೆಗೆ ದೆವ್ವ ಹಿಡಿದಿತ್ತು. ಬಿಡಿಸಲು ಕೊರಟಗೆರೆಯಿಂದ ಒಬ್ಬ ಮಂತ್ರವಾದಿಯನ್ನು ಕರೆಸಿದ್ದರು. ಆಳು ಎತ್ತರ, ಹಣೆ ತುಂಬ ವಿಭೂತಿ, ಗುಡುಗಿನಂಥ ದನಿ. ಆದರೆ ತೆಲುಗು ಒಂದಕ್ಷರ ಬಾರದು. ಆ ಸೊಸೆಯೋ ಗಡಿಯಾಚೆಯ ಮಡಕಶಿರದವಳು.

ಮಂತ್ರವಾದಿ ಬೇವಿನ ಸೊಪ್ಪು ಬೀಸಿ, ಯಾರು ನೀನು, ಎಲ್ಲಿಂದ ಬಂದೆ ಎಂದು ಗದರಿದ. "ಮಡಕಶಿರ ನುಂಚಿ ವಚ್ಚಿನಾನು" ಎಂದಳು ಅವಳು. ಮಂತ್ರವಾದಿಯ ಕೈ ನಿಂತುಹೋಯಿತು. ಮಡಕಶಿರವೆಂದರೆ ಬ್ರಿಟಿಷರ ಸೀಮೆ, ತನ್ನ ಮಂತ್ರ ಮೈಸೂರು ಸೀಮೆಯದು, ನಾಳೆ ಹೆಚ್ಚುಕಡಿಮೆಯಾದರೆ ಯಾರು ಜವಾಬ್ದಾರಿ ಎಂದು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ. ದೆವ್ವ ಈಗ ನಿಂತಿರುವುದು ಮಹಾರಾಜರ ನೆಲದಲ್ಲಿ ಎಂದು ನಾನು ಧೈರ್ಯ ಹೇಳಿದೆ.

ದೆವ್ವದ ಮಾತನ್ನು ಕನ್ನಡಕ್ಕೆ ತಿರುಗಿಸಲು ಅವಳ ಮೈದುನನನ್ನು, ಆ ಮನೆಯ ಕಿರಿ ಮಗನನ್ನು, ಕೂರಿಸಿದರು. ನಿನಗೇನು ಬೇಕು ಎಂದು ಮಂತ್ರವಾದಿ ಕೇಳಿದ. ಅವಳು ತಲೆಗೂದಲು ಕೆದರಿಕೊಂಡು, "ಪುಟ್ಟಿಂಟಿಕಿ ಪೋವಾಲ" ಎಂದಳು. ತೌರಿಗೆ ಹೋಗಬೇಕಂತೆ ಎಂದ ಮೈದುನ. ವರ್ಷದಿಂದ ಸೊಸೆಯನ್ನು ತೌರಿಗೆ ಕಳಿಸದಿದ್ದ ಅತ್ತೆ ತಕ್ಷಣ ಕೈ ಮುಗಿದು, ಆಗಲಿ ತಾಯಿ ಎಂದಳು.

ಅತ್ತೆ ಇಷ್ಟು ಸುಲಭವಾಗಿ ಒಪ್ಪಿದ್ದನ್ನು ಮೈದುನ ಹುಟ್ಟಿದಾರಭ್ಯ ಕಂಡಿರಲಿಲ್ಲ. ಅವನ ಮುಖ ಅರಳಿತು. ಅವಳು ಮತ್ತೆ ಅದೇ ಮಾತು ಹೇಳಿದಾಗ, ಮನೆಯಲ್ಲಿ ಕೋಳಿ ಸಾರು ಮಾಡಬೇಕಂತೆ ಎಂದ. ಅತ್ತೆ ಅದಕ್ಕೂ ಹೂಂ ಅಂದಳು. ಅವಳು ಒಂದು ಸಲ ಬರೀ ಕಿರುಚಿದಳು. ಕಿರಿ ಮಗನಿಗೆ ಹೊಸ ಕೋಟು ಹೊಲಿಸಬೇಕಂತೆ ಎಂದ. ಅದಕ್ಕೂ ಒಪ್ಪಿಗೆಯಾಯಿತು. ಕೊನೆಗೆ ಅವಳು ಕೆಮ್ಮಿದಳು. ಮೈದುನ ಗಂಟಲು ಸರಿಮಾಡಿಕೊಂಡು, ಕೆರೆ ಕೆಳಗಿನ ಗದ್ದೆಯನ್ನು ಕಿರಿ ಮಗನ ಹೆಸರಿಗೇ ಮಾಡಬೇಕಂತೆ ಎಂದ.

ದೆವ್ವ ಕೂದಲು ಪಕ್ಕಕ್ಕೆ ಸರಿಸಿ ಒಂದು ಕಣ್ಣು ಬಿಟ್ಟಿತು. "ನಾನೆಲ್ಲಿ ಕೇಳ್ದೆ ಅದ್ನ? ಊರಿಗ್ ಕಳ್ಸಿ ಅಂದೆ, ಅಷ್ಟೇಯ" ಎಂದು ಅಚ್ಚ ಕನ್ನಡದಲ್ಲಿ ಹೇಳಿತು.

ಮನೆಯವರೆಲ್ಲ ಬಾಯಿ ಬಿಟ್ಟುಕೊಂಡು ನಿಂತರು. ಮಂತ್ರವಾದಿಯೊಬ್ಬನೇ ನಿಟ್ಟುಸಿರು ಬಿಟ್ಟು ಬೆವರು ಒರೆಸಿಕೊಂಡ. "ಕನ್ನಡ ಬರ್ತದೆ ಅಂತ ಮೊದ್ಲೇ ಹೇಳ್ಬಾರ್ದೇನವ್ವಾ" ಎಂದ.

ಕಾಗೆಗೆ ಹೇಳಿದ ಕಥೆ

ವರ್ಷ ತುಂಬುವ ಹೊತ್ತಿಗೆ ಯುದ್ಧದಿಂದಾಗಿ ಕಾಗದ ಸಿಗದೆ ಪತ್ರಿಕೆ ನಿಂತಿತು. ಮುಂದೆ ಹೊರಡಿಸುವುದಿಲ್ಲವೆಂದು ಸಂಪಾದಕರು ನನಗೂ ಹೇಳಿರಲಿಲ್ಲ. ಕೊನೆಯ ಸಂಚಿಕೆಯಲ್ಲಿ ನಾನು ಮತ್ತೆ ಮಿಡಿಗೇಶಿ ಕೋಟೆಗೆ ಹೋಗಿದ್ದೆ. ಪಾಳುಬಿದ್ದ ಕೋಣೆಯ ಬಾಗಿಲನ್ನು ಒಳಗಿನಿಂದ ಯಾರೋ ತಟ್ಟುತ್ತಾರೆ, ಹೊರಗಿದ್ದ ಕುರಿಗಾಹಿ ಧೈರ್ಯ ಮಾಡಿ ಬಾಗಿಲು ನೂಕುತ್ತಾನೆ, ಒಳಗೆ ನಿಂತಿದ್ದದ್ದು ಯಾರು? ಅಲ್ಲಿಗೆ ನಿಲ್ಲಿಸಿದ್ದೆ. ಯಾರೆಂದು ನನಗೂ ಗೊತ್ತಿರಲಿಲ್ಲ. ಮುಂದಿನ ವಾರ ಯೋಚಿಸಿದರಾಯಿತು ಎಂದುಕೊಂಡಿದ್ದೆ.

ಪತ್ರಿಕೆ ನಿಂತಿದ್ದಕ್ಕೆ ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಹುಡುಗ ಬರೆಯುವುದು ಬಿಟ್ಟಿದ್ದಾನೆಂದು ತೋವಿನಕೆರೆಗೆ ಹೇಳಿ ಕಳಿಸಬೇಕು ಅನ್ನುವಷ್ಟರಲ್ಲಿ ಅಲ್ಲಿಂದಲೇ ಗಾಡಿ ಬಂತು. ತಾತ ತೀರಿಕೊಂಡಿದ್ದರು. ನನಗೆ ನಿಜವಾಗಿಯೂ ಅಳು ಬಂತು. ನನ್ನ ಬರವಣಿಗೆಯನ್ನು ಬಿಡಬೇಡವೆಂದ ಜೀವ ಅದೊಂದೇ. ಆದರೆ ಗಾಡಿ ಬಂದದ್ದು ಸಾವಿನ ಸುದ್ದಿ ಹೇಳುವುದಕ್ಕಲ್ಲ, ನನ್ನನ್ನು ಕರೆದೊಯ್ಯುವುದಕ್ಕೆ. ಅಮ್ಮನೂ ಗಾಡಿ ಹತ್ತಿದಳು.

ಹೊಲದಲ್ಲಿ ಸಮಾಧಿಯ ಹತ್ತಿರ ಹಾಲುತುಪ್ಪದ ಶಾಸ್ತ್ರ ನಡೆದಿತ್ತು. ತಾತನಿಗೆ ಇಷ್ಟವಾದದ್ದನ್ನೆಲ್ಲ ಎಲೆಯಲ್ಲಿ ಬಡಿಸಿಟ್ಟಿದ್ದರು. ಮುದ್ದೆ, ಅವರೆಕಾಳಿನ ಸಾರು, ವಡೆ, ಪಕ್ಕದಲ್ಲಿ ನಶ್ಯದ ಡಬ್ಬಿ. ಕಾಗೆ ಬಂದು ಮುಟ್ಟಿದರೆ ಸತ್ತವರಿಗೆ ತೃಪ್ತಿ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆಯೆಂದು ಅರ್ಥ, ಅಲ್ಲಿಯವರೆಗೆ ಯಾರೂ ಊಟ ಮಾಡುವಂತಿಲ್ಲ. ಹೊಂಗೆ ಮರದಲ್ಲಿ ಸಾಲಾಗಿ ಕಾಗೆಗಳು ಕೂತಿದ್ದವು. ಒಂದೂ ಇಳಿಯುತ್ತಿರಲಿಲ್ಲ. ಮಗ, ಅಂದರೆ ಹುಡುಗಿಯ ಅಪ್ಪ, ಹಿಂದಿನ ದಿನವೇ ಎಲೆ ಇಟ್ಟು ಬೇಕಾದಷ್ಟು ಮಾತು ಕೊಟ್ಟಿದ್ದರಂತೆ, ಹಳೇ ಎತ್ತು ಮಾರಲ್ಲ, ತಮ್ಮನ ಜತೆ ಜಗಳ ಆಡಲ್ಲ ಎಂದು. ಕಾಗೆ ಕದಲಿರಲಿಲ್ಲ. ಆಗ ಮೊಮ್ಮಗಳು, ತಾತ ಅರ್ಧ ಕಥೆ ಕೇಳಿಕೊಂಡು ಹೋದರು, ಬಾಗಿಲ ಹಿಂದೆ ಯಾರಿದ್ದರೆಂದು ಕೊನೆಯವರೆಗೂ ಕೇಳುತ್ತಿದ್ದರು ಎಂದು ನೆನಪು ಮಾಡಿದಳಂತೆ. ಅದಕ್ಕೇ ಗಾಡಿ ಕಟ್ಟಿದ್ದು.

ನಾನು ಎಲೆಯ ಮುಂದೆ ನಿಂತೆ. ಉರಿಬಿಸಿಲು. ಪಕ್ಕದಲ್ಲೇ ಅಜ್ಜಿ ಕೂತಿದ್ದರು. ಅವರಿಗೆ ಬಿಸಿಲು ತಾಗದಂತೆ ಮೊಮ್ಮಗಳು ದೊಡ್ಡ ಕರಿ ಕೊಡೆ ಹಿಡಿದು ನಿಂತಿದ್ದಳು. ನೆಂಟರೆಲ್ಲ ಹಸಿದ ಕಣ್ಣಿನಿಂದ ನನ್ನನ್ನು ನೋಡುತ್ತಿದ್ದರು. ನಾನು ಮರದ ಕಡೆ ಮುಖ ಮಾಡಿ, ತಾತಾ, ಒಳಗಿದ್ದದ್ದು ಹಳೆಯ ಸಿಪಾಯಿ ಎಂದು ಕಥೆ ಮುಗಿಸಿದೆ. ಕಾಗೆಗಳು ಕೊಕ್ಕು ಒರೆಸಿಕೊಂಡವು. ತಾತನಿಗೆ ಇದು ಹಿಡಿಸಲಿಲ್ಲ, ಬೇರೆ ಹೇಳಿ ಎಂದರು ಯಾರೋ. ಒಳಗೆ ನಿಧಿ ಕಾಯುವ ಹಾವಿತ್ತು ಎಂದೆ. ಏನೂ ಆಗಲಿಲ್ಲ. ತಪ್ಪಿಸಿಕೊಂಡಿದ್ದ ಮೇಕೆ ಎಂದೆ. ಅದೇ ನಿಜವಿರಬಹುದೆಂದು ಒಬ್ಬ ಮುದುಕರು ತಲೆದೂಗಿದರು, ಕಾಗೆ ಮಾತ್ರ ತಲೆದೂಗಲಿಲ್ಲ. ಅಡಿಗೆಯವರು ಸಾರು ಎರಡನೇ ಸಲ ಬಿಸಿ ಮಾಡಿದರು.

ಮಗನಿಗೆ ತಡೆಯಲಾಗಲಿಲ್ಲ. ಕೈ ಮುಗಿದು, ಅಪ್ಪಾ, ಇವರು ವರ್ಷ ವರ್ಷವೂ ಹಿರಿಯರ ಹಬ್ಬಕ್ಕೆ ಬಂದು ನಿನಗೆ ಹೊಸ ಕಥೆ ಹೇಳುತ್ತಾರೆ, ಈಗ ಮುಟ್ಟು ಎಂದರು. ಕೊಡೆಯ ಕೆಳಗಿನಿಂದ ಅಜ್ಜಿ ಬಾಯಿ ಬಿಟ್ಟರು.

"ವರ್ಸ ವರ್ಸ ಬರಾಕೆ ಇವ್ನೇನು ನಮ್ಗೆ ನೆಂಟ್ನಾ? ಅಳಿಯ ಆದ್ರೆ ಬತ್ತಾನೆ."

ಮಗ ಮರ ನೋಡಿದರು, ನೆಂಟರನ್ನು ನೋಡಿದರು, ಸಾರಿನ ಕೊಳಗ ನೋಡಿದರು. "ಆಗ್ಲಿ ಕಣಪ್ಪ" ಎಂದರು ಸೋತ ದನಿಯಲ್ಲಿ. "ಇವ್ರಿಗೇ ಕೊಡ್ತೀನಿ."

ಮಾತು ಮುಗಿಯುವುದಕ್ಕೂ, ಮೊಮ್ಮಗಳು ಕೊಡೆ ಮಡಿಸಿ ಅಜ್ಜಿಯನ್ನು ಎಬ್ಬಿಸುವುದಕ್ಕೂ, ಒಂದು ಕಾಗೆ ಸುಯ್ಯನೆ ಇಳಿದು ವಡೆ ಕಚ್ಚಿಕೊಂಡು ಹೋಗುವುದಕ್ಕೂ ಸರಿಹೋಯಿತು. ಹಿಂದೆಯೇ ಉಳಿದವೂ ಬಂದವು. ತಾತನ ಆಸೆ ಇದೇ ಆಗಿತ್ತು ನೋಡಿ ಎಂದು ನೆಂಟರು ಕಣ್ಣೊರೆಸಿಕೊಂಡು ಊಟಕ್ಕೆ ಓಡಿದರು. ಅಮ್ಮ ಸಮಾಧಿಗೆ ಅಡ್ಡಬಿದ್ದಳು. ವರ್ಷವೆಲ್ಲ ದೆವ್ವ ಬರೆದ ನನಗೂ ಅವತ್ತು ನಂಬಿಕೆ ಬಂದುಬಿಟ್ಟಿತು.

ಮದುವೆಯಾಯಿತು. ಎಷ್ಟೋ ವರ್ಷಗಳ ಮೇಲೆ ಒಂದು ದಿನ ಮಧುಗಿರಿಯ ನಮ್ಮ ಮನೆಯ ಅಂಗಳದಲ್ಲಿ ಕೂತಿದ್ದೆ. ಹೆಂಡತಿ ಸಂಡಿಗೆ ಒಣಗಿಸಿ, ಪಕ್ಕದಲ್ಲಿ ಕರಿ ಕೊಡೆ ಬಿಚ್ಚಿಟ್ಟಿದ್ದಳು. ಕಾಗೆಗಳು ಹೆಂಚಿನ ಮೇಲೆ ಸಾಲಾಗಿ ಕೂತಿದ್ದವು. ಅವಳು ಕೊಡೆ ಮಡಿಸಿ ಒಳಗಿಟ್ಟು ಬರುವಷ್ಟರಲ್ಲಿ ಎಲ್ಲವೂ ಸುಯ್ಯನೆ ಇಳಿದವು. ನಾನು ಸಂಡಿಗೆ ಕಾಯುವುದು ಬಿಟ್ಟು ಅವಳನ್ನೇ ನೋಡಿದೆ. ಅವತ್ತು ಹೊಲದಲ್ಲಿ ಕೊಡೆ ಮಡಿಸಿದ್ದು ಯಾಕೆ ಎಂದು ಕೇಳಿದೆ.

"ಬಿಸ್ಲು ಇಳ್ದಿತ್ತು, ಮಡಿಸ್ದೆ" ಎಂದಳು, ಕಾಗೆ ಓಡಿಸುತ್ತ.

ಅದು ನೆತ್ತಿ ಸುಡುವ ಮಧ್ಯಾಹ್ನ, ನನಗೆ ಚೆನ್ನಾಗಿ ನೆನಪಿದೆ, ನಿಜ ಹೇಳು ಎಂದೆ.

"ಅರ್ಧ ನಿಜ" ಎಂದಳು.

"ಯಾವರ್ಧ?"

"ಮಡಿಸ್ದೆ ಅನ್ನೋದು."